ದೀಪದ ಲೆಕ್ಕ, ಬೆಳಕಿನ ಲೆಕ್ಕ: ವಿದ್ಯಾಕೇಂದ್ರಗಳ ಎಲ್‌ಇಡಿ ಪರಿವರ್ತನೆಯ ಒಂದು ವಿಮರ್ಶೆ

ವಿದ್ಯಾಕೇಂದ್ರಗಳ ಕಟ್ಟಡಗಳಲ್ಲಿ ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆದು ಎಲ್‌ಇಡಿ ದೀಪಗಳನ್ನು ಅಳವಡಿಸುವ ಕಾರ್ಯ ಕೆಲವು ವರ್ಷಗಳಿಂದ ನಾಡಿನಲ್ಲೆಲ್ಲ ನಡೆದುಬಂದಿದೆ. ಇದು ಯುಕ್ತವೆ ಅಯುಕ್ತವೆ ಎಂಬ ಚರ್ಚೆಗೆ ಈಗ ಅವಕಾಶವಿಲ್ಲ, ಯುಕ್ತವೆಂಬುದು ನಿರ್ವಿವಾದ. ವಿಮರ್ಶೆಗೆ ಉಳಿದಿರುವ ಪ್ರಶ್ನೆ ಬೇರೆ. ಈ ಕಾರ್ಯವನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ? ಆ ಅಳತೆಗೋಲು ಎಣಿಸುವುದು ದೀಪಗಳನ್ನೋ, ಉಳಿತಾಯವಾದ ವಿದ್ಯುತ್ತನ್ನೋ, ಓದುವವನ ಪುಸ್ತಕದ ಮೇಲೆ ಬಿದ್ದ ಬೆಳಕನ್ನೋ? ಈ ಮೂರೂ ಒಂದೇ ಅಲ್ಲ. ಇವುಗಳ ವ್ಯತ್ಯಾಸವನ್ನು ಚಾಮರಾಜನಗರ ಸೀಮೆಯನ್ನು ದೃಷ್ಟಿಯಲ್ಲಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ವಿದ್ಯುತ್ತಿನ ಚರಿತ್ರೆಯಲ್ಲಿ ಈ ಸೀಮೆಯ ನೆರೆಗೆ ಗೌರವದ ಸ್ಥಾನವುಂಟು. ಕೊಳ್ಳೇಗಾಲಕ್ಕೆ ಸಮೀಪವಾದ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೆ ಧುಮುಕಿನ ಸದ್ದು ಕೇಳಿಸುವಷ್ಟು ಹತ್ತಿರದ ಹಳ್ಳಿಗಳಿಗೆ ದೀಪ ಬಂದದ್ದು ಅದಕ್ಕೆ ದಶಕಗಳ ಅನಂತರ. ಉತ್ಪಾದನೆಯ ಲೆಕ್ಕದಲ್ಲಿ ಮೊದಲಾಗಿರುವುದು ಬೇರೆ, ಬೆಳಕು ಬೇಕಾದವನಿಗೆ ಅದು ಮುಟ್ಟುವುದು ಬೇರೆ ಎಂಬ ಪಾಠವನ್ನು ಈ ನೆಲ ಬಹು ಹಿಂದೆಯೇ ಕಲಿತಿದೆ. ಇಂದಿನ ಪರಿವರ್ತನೆಗೂ ಅದು ಅನ್ವಯಿಸುತ್ತದೆ.

ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಮರುವರ್ಷವೇ ಭಾರತ ಸರ್ಕಾರದ ಉಜಾಲಾ ಯೋಜನೆಯೂ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಯೋಜನೆಯೂ ಆರಂಭವಾಗಿ, ಒಂಬತ್ತು ವ್ಯಾಟಿನ ಬಲ್ಬು ಸಾಮಾನ್ಯರ ಕೈಗೆಟುಕುವ ಬೆಲೆಗೆ ಇಳಿಯಿತು. ಮನೆಗಳಲ್ಲಿ ಇದರ ಫಲ ಸ್ಪಷ್ಟ. ಅರವತ್ತು ವ್ಯಾಟಿನ ಬುರುಡೆ ದೀಪದ ಸ್ಥಾನದಲ್ಲಿ ಒಂಬತ್ತು ವ್ಯಾಟಿನ ದೀಪ ಕುಳಿತರೆ ಲಾಭವನ್ನು ಯಾರೂ ವಿವರಿಸಬೇಕಾಗಿಲ್ಲ. ಕಾಲೇಜಿನ ಕಟ್ಟಡದ ಸ್ಥಿತಿ ಹಾಗಲ್ಲ. ಅಲ್ಲಿ ತೆಗೆಯುವುದು ಬುರುಡೆ ದೀಪವನ್ನಲ್ಲ, ಟ್ಯೂಬ್‌ಲೈಟನ್ನು. ದೀಪ ಉರಿಯುವ ಹೊತ್ತು ರಾತ್ರಿಯಲ್ಲ, ಬಹುಮಟ್ಟಿಗೆ ಹಗಲು. ಬಿಲ್ಲು ಕಟ್ಟುವವನು ಒಬ್ಬ, ಸ್ವಿಚ್ಚು ಒತ್ತುವವನು ಇನ್ನೊಬ್ಬ.

ಕಾಲೇಜುಗಳನ್ನು ಈ ಕಾರ್ಯಕ್ಕೆ ಪ್ರೇರಿಸಿದ್ದು ಬಿಲ್ಲಿಗಿಂತ ಹೆಚ್ಚಾಗಿ ನ್ಯಾಕ್ ಸಂಸ್ಥೆಯ ಪ್ರಶ್ನಾವಳಿ ಎಂದರೆ ಅಧ್ಯಾಪಕರು ಅಲ್ಲಗಳೆಯಲಾರರು. ಆ ಪ್ರಶ್ನಾವಳಿಯನ್ನು ಒಂದು ಪಠ್ಯವೆಂದೇ ಭಾವಿಸಿ ಓದುವುದು ಉಚಿತ. 2017ರಲ್ಲಿ ಜಾರಿಗೆ ಬಂದ ವಿಧಾನದ ಏಳನೆಯ ಮಾನದಂಡದಲ್ಲಿ, ಸಂಸ್ಥೆಯ ವಾರ್ಷಿಕ ಬೆಳಕಿನ ವಿದ್ಯುತ್ತಿನಲ್ಲಿ ಶೇಕಡ ಎಷ್ಟು ಭಾಗ ಎಲ್‌ಇಡಿ ದೀಪಗಳಿಂದ ಪೂರೈಕೆಯಾಗುತ್ತದೆ ಎಂಬ ಪ್ರಶ್ನೆಯಿತ್ತು. ನೋಡುವುದಕ್ಕೆ ಶಾಸ್ತ್ರೀಯವಾದ ಈ ಪ್ರಶ್ನೆಯಲ್ಲಿ ಒಂದು ವಿಪರ್ಯಾಸ ಅಡಗಿತ್ತು. ನೂರು ಟ್ಯೂಬುಗಳಿರುವ ಕಾಲೇಜು ಐವತ್ತನ್ನು ಬದಲಿಸಿತೆನ್ನಿ. ಚೋಕನ್ನೂ ಸೇರಿಸಿ ಹಳೆಯದು ಐವತ್ತು ವ್ಯಾಟ್, ಹೊಸದು ಇಪ್ಪತ್ತು ವ್ಯಾಟ್ ಎಂದಿಟ್ಟುಕೊಂಡರೆ, ಒಟ್ಟು 3,500 ವ್ಯಾಟಿನಲ್ಲಿ ಎಲ್‌ಇಡಿಯ ಪಾಲು 1,000. ಎಂದರೆ ಶೇಕಡ 29ಕ್ಕಿಂತ ಕಡಿಮೆ. ಅದೇ ಕಾಲೇಜು ನಲವತ್ತು ವ್ಯಾಟನ್ನು ನುಂಗುವ ಕಳಪೆ ಎಲ್‌ಇಡಿಯನ್ನು ಕೊಂಡಿದ್ದರೆ ಪಾಲು ಶೇಕಡ 44ಕ್ಕೆ ಏರುತ್ತಿತ್ತು. ದೀಪ ಹೆಚ್ಚು ವಿದ್ಯುತ್ತನ್ನು ತಿಂದಷ್ಟೂ ಅಂಕ ಹೆಚ್ಚುವ ಅಳತೆಯನ್ನು ಮಿತವ್ಯಯದ ಅಳತೆಯೆನ್ನುವುದು ಹೇಗೆ?

ಅನಂತರದ ಪರಿಷ್ಕರಣದಲ್ಲಿ ಶೇಕಡಾವಾರು ಹೋಯಿತು; ಅದರೊಂದಿಗೆ ಅಳತೆಯೇ ಹೋಯಿತು. ಸೌರವಿದ್ಯುತ್ತು, ಜೈವಿಕ ಅನಿಲದ ಘಟಕ, ಜಾಲಕ್ಕೆ ವಿದ್ಯುತ್ತು ನೀಡುವ ವ್ಯವಸ್ಥೆ, ಸಂವೇದಕಗಳ ಮೂಲಕ ಉಳಿತಾಯ, ಎಲ್‌ಇಡಿ ಮೊದಲಾದ ಮಿತವ್ಯಯದ ಸಾಧನ ಎಂಬ ಐದರಲ್ಲಿ ಎಷ್ಟು ಇವೆ ಎಂದಷ್ಟೇ ಕೇಳಲಾಯಿತು. ಕಟ್ಟಡದ ಮೇಲೆಲ್ಲ ಸೌರಫಲಕ ಹಾಸಿದ ಶ್ರಮಕ್ಕೂ ಬಲ್ಬುಗಳನ್ನು ಬದಲಿಸಿದ ಶ್ರಮಕ್ಕೂ ಇಲ್ಲಿ ಒಂದೇ ತೂಕ. ಉತ್ತರಕ್ಕೆ ಆಧಾರವಾಗಿ ಸಲ್ಲುವುದು ಛಾಯಾಚಿತ್ರ ಮತ್ತು ಖರೀದಿಯ ಬಿಲ್ಲು. ಛಾಯಾಚಿತ್ರದಲ್ಲಿ ದೀಪ ಕಾಣುತ್ತದೆ. ಅದು ಎಷ್ಟು ಹೊತ್ತು ಉರಿಯಿತು, ಎಷ್ಟು ಉಳಿಸಿತು, ಯಾರ ಮೇಜಿಗೆ ಬೆಳಕು ಕೊಟ್ಟಿತು ಎಂಬುದು ಕಾಣದು. ಶ್ರೇಣಿಗಳನ್ನು ಬಿಟ್ಟು ಮಾನ್ಯತೆ ಉಂಟು, ಇಲ್ಲ ಎಂಬ ಎರಡೇ ತೀರ್ಪುಗಳ ಪದ್ಧತಿಗೆ ಹೋಗುವುದಾಗಿ ನ್ಯಾಕ್ 2024ರಲ್ಲಿ ಪ್ರಕಟಿಸಿತು. ತೀರ್ಪಿನ ರೂಪ ಹೇಗೇ ಇರಲಿ, ಪ್ರಶ್ನೆ ಸಡಿಲವಾಗಿದ್ದರೆ ಉತ್ತರವೂ ಸಡಿಲವಾಗಿಯೇ ಇರುತ್ತದೆ.

ಇನ್ನು ಉಳಿತಾಯದ ಲೆಕ್ಕಕ್ಕೆ ಬರೋಣ. ಒಂದು ಟ್ಯೂಬನ್ನು ಬದಲಿಸಿದರೆ ಮೂವತ್ತು ವ್ಯಾಟ್ ಉಳಿಯುವುದೆಂದೂ, ತರಗತಿಯ ದೀಪ ವರ್ಷದಲ್ಲಿ ಇನ್ನೂರು ದಿನ, ದಿನಕ್ಕೆ ಆರು ಗಂಟೆ ಉರಿಯುವುದೆಂದೂ ಭಾವಿಸಿದರೆ ವಾರ್ಷಿಕ ಉಳಿತಾಯ 36 ಯೂನಿಟ್. ವಿದ್ಯಾರ್ಥಿನಿಲಯದ ನಡುವಂಗಳದಲ್ಲಿಯೋ ಆವರಣದ ದಾರಿಯಲ್ಲಿಯೋ ರಾತ್ರಿ ಹನ್ನೆರಡು ಗಂಟೆಗಳ ಕಾಲ, ವರ್ಷವಿಡೀ ಉರಿಯುವ ದೀಪವನ್ನು ಬದಲಿಸಿದರೆ 131 ಯೂನಿಟ್. ಒಂದೇ ಬೆಲೆಯ ದೀಪ ಸ್ಥಳಭೇದದಿಂದ ಮೂರೂವರೆಪಟ್ಟಿಗಿಂತ ಹೆಚ್ಚು ಫಲವನ್ನು ಕೊಡುತ್ತದೆ. ಹೀಗಿರುವಲ್ಲಿ ಹೊಸ ದೀಪಗಳು ಮೊದಲು ಏರುವುದು ಸಭಾಂಗಣಕ್ಕೆ, ಪ್ರಾಂಶುಪಾಲರ ಕೊಠಡಿಗೆ, ಸಮಿತಿಯವರು ನಡೆದುಹೋಗುವ ಮೊಗಸಾಲೆಗೆ ಎಂದಾದರೆ ಅದನ್ನು ಅಲಂಕಾರವೆನ್ನಬೇಕಲ್ಲದೆ ಉಳಿತಾಯವೆನ್ನಲಾಗದು.

ತರಗತಿಯ ಮಟ್ಟಿಗೆ ನಿಜವಾದ ವೆಚ್ಚ ತಲೆಯ ಮೇಲೆ ತಿರುಗುವ ಫ್ಯಾನಿನದು. ಎಪ್ಪತ್ತೈದು ವ್ಯಾಟಿನ ಹಳೆಯ ಫ್ಯಾನಿನ ಬದಲು ಮೂವತ್ತು ವ್ಯಾಟಿನ ಬಿಎಲ್‌ಡಿಸಿ ಫ್ಯಾನನ್ನು ಹಾಕಿದರೆ ಅದೇ ಹೊತ್ತಿನ ಲೆಕ್ಕದಲ್ಲಿ 54 ಯೂನಿಟ್ ಉಳಿಯುತ್ತದೆ. ಅದರ ಬೆಲೆ ಹೆಚ್ಚು ನಿಜ. ಆದರೆ ದೀಪದೊಡನೆ ಫ್ಯಾನನ್ನೂ ತೂಗಿ ನೋಡಿದ ಮೇಲೆ ನಿರ್ಧರಿಸುವುದು ನ್ಯಾಯ. ಕಿಟಕಿಗಳು ವಿಶಾಲವಾಗಿರುವ ಹಳೆಯ ಕಟ್ಟಡಗಳಲ್ಲಂತೂ, ಮುಚ್ಚಿಹೋದ ಕಿಟಕಿಯನ್ನು ತೆರೆದು ಗೋಡೆಗೆ ಸುಣ್ಣ ಬಳಿಸುವುದೇ ಮೊದಲ ಸುಧಾರಣೆ.

ಆದರೆ ಬಿಲ್ಲಿನ ಉಳಿತಾಯವೇ ಪರಮಾರ್ಥವಲ್ಲ. ಸಂತೆಮರಹಳ್ಳಿ ಸರ್ಕಾರಿ ರೇಷ್ಮೆ ಕಾರ್ಖಾನೆಯಿಂದ ಹೆಸರಾದ ಊರು. ಬಿಚ್ಚಾಣಿಕೆಯ ಕೆಲಸದಲ್ಲಿ ಬೇಯಿಸಿದ ಗೂಡಿನಿಂದ ಎಳೆಯ ತುದಿಯನ್ನು ಹುಡುಕಿ ಹಿಡಿಯಬೇಕು. ಕಡಿದ ಎಳೆಯನ್ನು ಕಡಿದ ಕ್ಷಣದಲ್ಲಿಯೇ ಕಾಣಬೇಕು. ಅಲ್ಲಿ ಕುಳಿತವಳು ಬೆಳಕಿಗೆ ಬೆಲೆ ಕಟ್ಟುವುದು ಎಳೆ ಕಂಡಿತೆ ಇಲ್ಲವೆ ಎಂಬುದರಿಂದ. ಓದುವವನ ಸ್ಥಿತಿಯೂ ಅದೇ. ಭಾರತೀಯ ಮಾನಕ 3646 ಪಾಠದ ಕೊಠಡಿಗಳಿಗೆ ಸುಮಾರು 300 ಲಕ್ಸ್ ಬೆಳಕನ್ನು ವಿಧಿಸುತ್ತದೆ. ಹಳೆಯ ಟ್ಯೂಬಿಗೆ ಒಂದರಂತೆ ಹೊಸ ದೀಪವನ್ನು ಹಾಕಿ ಕೈತೊಳೆದುಕೊಂಡ ಕೊಠಡಿಯಲ್ಲಿ ಹಿಂದಿನ ಬೆಂಚಿಗೆ ಅಷ್ಟು ಬೆಳಕು ಬೀಳುತ್ತದೆಯೆ? ಕರಿಹಲಗೆಯ ಮೇಲೆ ದೀಪದ ಹೊಳಪು ಪ್ರತಿಫಲಿಸಿ ಅಕ್ಷರವನ್ನು ಮರೆಮಾಡುತ್ತದೆಯೆ? ಅಗ್ಗದ ಡ್ರೈವರಿನ ದೀಪದಲ್ಲಿ ಕಣ್ಣಿಗೆ ಆಯಾಸ ತರುವ ಮಿನುಗು ಇದೆಯೆ? ಪ್ರಶ್ನಾವಳಿ ಇವುಗಳಲ್ಲಿ ಒಂದನ್ನೂ ಕೇಳಲಿಲ್ಲ. ಬೆಳಕನ್ನೇ ಕಡಿಮೆ ಮಾಡಿ ಉಳಿಸಿದ ವಿದ್ಯುತ್ತು ಮಿತವ್ಯಯವಲ್ಲ, ವಂಚನೆ.

ಈ ವಂಚನೆ ಎಲ್ಲರಿಗೂ ಸಮನಾಗಿ ತಟ್ಟುವುದಿಲ್ಲವೆಂಬುದನ್ನು ಗಮನಿಸಬೇಕು. ಮನೆಯಲ್ಲಿ ಪ್ರತ್ಯೇಕ ಓದುವ ಕೋಣೆಯುಳ್ಳವನಿಗೆ ಕಾಲೇಜಿನ ಗ್ರಂಥಾಲಯದ ದೀಪ ಮಂದವಾದರೆ ದೊಡ್ಡ ನಷ್ಟವಿಲ್ಲ. ಸಂತೆಮರಹಳ್ಳಿ, ಗುಂಡ್ಲುಪೇಟೆಗಳ ಸುತ್ತಿನ ಹಳ್ಳಿಗಳಿಂದ ಬಂದು ವಿದ್ಯಾರ್ಥಿನಿಲಯದಲ್ಲಿ ನಿಂತು, ಕುಲದಲ್ಲಿ ಮೊದಲಿಗನಾಗಿ ಪದವಿಗೆ ಓದುವವನಿಗೆ ಆ ದೀಪವೇ ಆಧಾರ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 2023ರಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯದ ನೆಲೆಯಾದ ಚಾಮರಾಜನಗರದ ಸುವರ್ಣಗಂಗೋತ್ರಿಯಂತಹ ಆವರಣಗಳ ಸಾರ್ಥಕ್ಯವಿರುವುದೇ ಇಂತಹ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವುದರಲ್ಲಿ.

ಇನ್ನೊಂದು ಸಂಗತಿ. ಟ್ಯೂಬ್‌ಲೈಟು ಕೆಟ್ಟರೆ ಸ್ಟಾರ್ಟರನ್ನೋ ಚೋಕನ್ನೋ ಬದಲಿಸಬಹುದಾಗಿತ್ತು. ಅವು ಹೋಬಳಿಯ ಅಂಗಡಿಯಲ್ಲಿಯೂ ದೊರೆಯುತ್ತಿದ್ದವು. ಮೊಹರು ಮಾಡಿದ ಎಲ್‌ಇಡಿ ದೀಪದಲ್ಲಿ, ವೋಲ್ಟೇಜಿನ ಏರಿಳಿತದಿಂದ ಡ್ರೈವರು ಸುಟ್ಟರೆ ಇಡೀ ದೀಪವೇ ಕಸ. ಕಳಚಿದ ಹಳೆಯ ಟ್ಯೂಬುಗಳಲ್ಲಿ ಪಾದರಸವಿದೆ; 2016ರ ಇ-ತ್ಯಾಜ್ಯ ನಿಯಮಗಳು ಪಾದರಸದ ದೀಪಗಳನ್ನು ತಮ್ಮ ವ್ಯಾಪ್ತಿಗೆ ತಂದವು. ಅವುಗಳನ್ನು ಕಟ್ಟಡದ ಹಿಂದೆ ರಾಶಿ ಹಾಕಿ, ಮುಂದೆ ‘ಹಸಿರು ಆವರಣ’ವೆಂಬ ಫಲಕವನ್ನು ನಿಲ್ಲಿಸುವುದು ಶೋಭೆಯಲ್ಲ.

ಕಾಲೇಜುಗಳಿಗೆ ಇಷ್ಟೆಲ್ಲ ಪರೀಕ್ಷೆ ಮಾಡುವ ಶಕ್ತಿಯೆಲ್ಲಿ, ಛಾಯಾಚಿತ್ರವಾದರೋ ಯಾರಿಂದಲೂ ಸಾಧ್ಯ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಅರ್ಥವಿಲ್ಲದಿಲ್ಲ. ಸರ್ಕಾರಿ ಕಾಲೇಜಿನ ಪ್ರಾಂಶುಪಾಲರಿಗೆ ಒಂದು ಮೊಳೆ ಹೊಡೆಸುವುದಕ್ಕೂ ಅನುಮತಿ ಬೇಕು. ಇಡೀ ಆವರಣಕ್ಕೆ ಒಂದೇ ಮೀಟರಿದ್ದರೆ ದೀಪದ ಉಳಿತಾಯವನ್ನು ಪಂಪಿನ ಖರ್ಚಿನಿಂದ ಬೇರ್ಪಡಿಸುವುದೂ ಕಷ್ಟ. ಆದರೆ ಲಕ್ಸ್ ಮೀಟರು ಕೆಲವೇ ಸಾವಿರ ರೂಪಾಯಿಗಳ ಉಪಕರಣ. ಭೌತಶಾಸ್ತ್ರದ ವಿದ್ಯಾರ್ಥಿಗಳು ಎರಡು ಮಧ್ಯಾಹ್ನಗಳಲ್ಲಿ ಕಾಲೇಜಿನ ಪ್ರತಿಯೊಂದು ಬೆಂಚಿನ ಬೆಳಕನ್ನೂ ಅಳೆದು ಕೋಷ್ಟಕ ಸಿದ್ಧಪಡಿಸಬಲ್ಲರು. ಬದಲಾವಣೆಗೆ ಮುನ್ನ ಒಮ್ಮೆ, ಅನಂತರ ಒಮ್ಮೆ, ಎರಡು ವರ್ಷ ಕಳೆದ ಮೇಲೆ ಮತ್ತೊಮ್ಮೆ ಅಳೆದರೆ ಯಾವ ಛಾಯಾಚಿತ್ರವೂ ಕೊಡಲಾರದ ಆಧಾರ ದೊರೆಯುತ್ತದೆ. ವಿದ್ಯಾರ್ಥಿಗಳಿಗೆ ಅದು ಪಾಠವೂ ಆಗುತ್ತದೆ.

ಆದುದರಿಂದ ವಿದ್ಯಾಕೇಂದ್ರಗಳನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ದೀಪಗಳು ಉರಿಯುವ ಹೊತ್ತನ್ನು ಲೆಕ್ಕ ಹಾಕಿ ಸ್ಥಳವನ್ನು ಆರಿಸಿದಿರಾ? ಹಿಂದಿನ ಬೆಂಚಿನ ಮೇಲೆ ಈಗ ಎಷ್ಟು ಲಕ್ಸ್ ಬೆಳಕಿದೆ? ತೆಗೆದ ದೀಪಗಳು ಎಲ್ಲಿಗೆ ಹೋದವು? ಈ ಮೂರಕ್ಕೂ ಉತ್ತರ ಕೊಡಬಲ್ಲ ಕಾಲೇಜಿನಲ್ಲಿ ನೂರು ದೀಪಗಳಿಗೆ ಬದಲಾಗಿ ಇಪ್ಪತ್ತೇ ಬದಲಾಗಿದ್ದರೂ ಅದು ಮುಂದಿದೆಯೆಂದೇ ತಿಳಿಯಬೇಕು.