ತಿರುಳ್ಗನ್ನಡದ ನೆಲದಲ್ಲಿ ಛಂದಸ್ಸಿನ ಪಾಠ

9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳನ್ನು ಗುರುತಿಸಿದ ಊರುಗಳಲ್ಲಿ ಕೊಪಣವೂ, ಎಂದರೆ ಇಂದಿನ ಕೊಪ್ಪಳವೂ, ಒಂದು. ಓದದೆಯೂ ಕಾವ್ಯಪ್ರಯೋಗ ಬಲ್ಲವರೆಂದು ಈ ನಾಡವರನ್ನು ಆ ಕೃತಿ ಮೆಚ್ಚುತ್ತದೆ. ಆದರೆ ಒಂಬತ್ತನೆಯ ತರಗತಿಯ ಛಂದಸ್ಸಿನ ಪಾಠವು ಬಹುಮಟ್ಟಿಗೆ ಲಘು-ಗುರು ಗುರುತಿಸುವುದರಲ್ಲಿಯೇ ಮುಗಿಯುತ್ತದೆ. ಪದ್ಯರಚನೆಗಾಗಲಿ ಸ್ವತಂತ್ರ ಓದಿಗಾಗಲಿ ದಾರಿಯಾಗುವುದಿಲ್ಲ.

ತ್ರಿಪದಿಯು ಅಂಶಗಣದ ಛಂದಸ್ಸು. ಅದರ 11 ಗಣಗಳಲ್ಲಿ 6 ಮತ್ತು 10ನೆಯವು ಬ್ರಹ್ಮಗಣಗಳು, ಉಳಿದವು ವಿಷ್ಣುಗಣಗಳು. ಹಾಡುವಾಗ ಅಕ್ಷರಗಳು ಹಿಗ್ಗಿ ಕುಗ್ಗುವುದರಿಂದ ಈ ಲಯವು ಮೊದಲು ದಕ್ಕುವುದು ಕಿವಿಗೆ. ಆದ್ದರಿಂದ ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಮಕ್ಕಳು ಬೀಸುವ ಪದ ಬಲ್ಲ ಅಜ್ಜಿಯರಿಂದ ತ್ರಿಪದಿಯನ್ನು ಕೇಳಿ, ತಾವೂ ಒಂದನ್ನು ಕಟ್ಟಿ, ಆಮೇಲೆ ಗಣ ವಿಂಗಡಿಸುವುದು ಯುಕ್ತ. ಮುದ್ರಿತ ಸಂಕಲನಗಳ ಓದು ಆಗ ತಾನಾಗಿ ಹಿಂಬಾಲಿಸೀತು. ಬೀಸುವ ಕಲ್ಲು ಮೂಲೆ ಸೇರಿರುವಾಗ ಈ ಕಾರ್ಯಕ್ಕೆ ಉಳಿದಿರುವ ಕಾಲ ದೀರ್ಘವಲ್ಲ.