ಮರ್ಯಾದೆಯ ಮೇಲೆ ನಿಂತ ತೀರ್ಪು

ಅತ್ಯಾಚಾರದ ಮೊಕದ್ದಮೆಯಲ್ಲಿ ಸಂತ್ರಸ್ತೆಯ ಮಾತೊಂದೇ ಸಾಕು, ಪೂರಕ ಸಾಕ್ಷ್ಯ ಬೇಕೇಬೇಕೆಂದಿಲ್ಲ ಎಂಬ ವಿಚಾರ ಬಂದಾಗಲೆಲ್ಲ ನಮ್ಮ ವಕೀಲರೂ ಅಂಕಣಕಾರರೂ ತಪ್ಪದೆ ನೆನೆಯುವುದು 1983ರ ಭರವಾಡ ಭೋಗಿನ್‌ಭಾಯಿ ಹಿರ್ಜಿಭಾಯಿ ತೀರ್ಪನ್ನು. ಠಾಣೆಯಲ್ಲಿ ಅತ್ಯಾಚಾರ ಮಾಡಿದ ಆರೋಪ ಹೊತ್ತ ಪೊಲೀಸರನ್ನು ಖುಲಾಸೆ ಮಾಡಿದ ಮಥುರಾ ಪ್ರಕರಣದ ಕಳಂಕವನ್ನು ಸುಪ್ರೀಂ ಕೋರ್ಟ್ ತೊಳೆದುಕೊಂಡದ್ದು ಇಲ್ಲಿಯೇ ಎಂದು ಅವರ ನಂಬಿಕೆ. ನನ್ನ ಮಟ್ಟಿಗೆ ಈ ತೀರ್ಪಿಗೆ ಬಂದ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು. ಅದು ತಲುಪಿದ ತೀರ್ಮಾನ ಸರಿ, ಹಿಡಿದ ದಾರಿ ತಪ್ಪು. ಆ ತಪ್ಪು ದಾರಿಯಲ್ಲೇ ಸಾಗಿ ನಾವು ಹಾನಗಲ್ಲಿಗೆ ಬಂದು ನಿಂತಿದ್ದೇವೆ.

ಆಕೆಯನ್ನು ಏಕೆ ನಂಬಬೇಕು ಎಂಬುದಕ್ಕೆ ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಕೊಡುವ ಕಾರಣಗಳನ್ನು ನಿಧಾನವಾಗಿ ಓದಬೇಕು. ಪಾಶ್ಚಾತ್ಯ ಹೆಣ್ಣು ದುಡ್ಡಿಗೋ ಸೇಡಿಗೋ ಸುಳ್ಳು ಹೇಳಬಹುದು, ಭಾರತದ ಹೆಣ್ಣು ಹೇಳಲಾರಳು. ಹೇಳಿದರೆ ಸಮಾಜ ದೂರ ಇಡುತ್ತದೆ, ಗಂಡನ ಪ್ರೀತಿ ಹೋಗುತ್ತದೆ, ಮದುವೆಯಾಗದವಳಿಗೆ ಒಳ್ಳೆಯ ಸಂಬಂಧ ಕೂಡಿಬರುವುದಿಲ್ಲ. ಇಷ್ಟೆಲ್ಲ ಕಟ್ಟಿಕೊಂಡು ಕಟಕಟೆಗೆ ಬಂದವಳ ಮಾತು ನಿಜವೇ ಇರಬೇಕು ಎಂಬುದು ತರ್ಕ. ಆ ಪ್ರಕರಣದಲ್ಲಿದ್ದವರು ಇನ್ನೂ ಬಾಲ್ಯ ದಾಟದ ಇಬ್ಬರು ಹುಡುಗಿಯರು, ಆರೋಪಿಯ ಮಗಳ ಗೆಳತಿಯರು. ಗಂಡನ ಪ್ರೀತಿಯ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಆದರೂ ಆ ಮಕ್ಕಳು ಏನು ಕಂಡರು, ಅದನ್ನು ಎಷ್ಟು ಸ್ಪಷ್ಟವಾಗಿ ಹೇಳಿದರು ಎಂಬುದಕ್ಕಿಂತ ಹೆಣ್ಣು ಕಳೆದುಕೊಳ್ಳಲಿರುವ ಮರ್ಯಾದೆಯೇ ತೀರ್ಪಿನಲ್ಲಿ ದೊಡ್ಡ ಜಾಮೀನಾಯಿತು. ಹಾಗಾದರೆ ಕಳೆದುಕೊಳ್ಳಲು ಮರ್ಯಾದೆಯೇ ಉಳಿದಿಲ್ಲ ಎಂದು ಊರು ತೀರ್ಮಾನಿಸಿದ ಹೆಣ್ಣಿನ ಗತಿ ಏನು? ಉತ್ತರ ತೀರ್ಪಿನಲ್ಲೇ ಇದೆ: ವಯಸ್ಕಳೊಬ್ಬಳು ಮುಜುಗರದ ಸನ್ನಿವೇಶದಲ್ಲಿ ಸಿಕ್ಕಿಬಿದ್ದು, ತನ್ನನ್ನು ಉಳಿಸಿಕೊಳ್ಳಲೆಂದು ಆರೋಪ ಹೊರಿಸಿರುವ ಸಂಭವ ಕಂಡರೆ ಪೂರಕ ಸಾಕ್ಷ್ಯ ಕೇಳಬಹುದು. ಮುಂದೆ ಶಿಕ್ಷೆಯ ಭಾಗಕ್ಕೆ ಬಂದರೆ ಅದೇ ತಕ್ಕಡಿ ಆರೋಪಿಯ ಕಡೆಗೂ ವಾಲುತ್ತದೆ. ಅವನಿಗೆ ಸಮಾಜದಲ್ಲಿ ಅವಮಾನವಾಗಿದೆ, ಕೆಲಸ ಹೋಗಿದೆ, ಮಗಳಿಗೆ ಒಳ್ಳೆಯ ವರ ಸಿಗುವುದೂ ಕಷ್ಟವಾಗಿರಬಹುದು ಎಂದು ಎರಡೂವರೆ ವರ್ಷದ ಶಿಕ್ಷೆಯನ್ನು 15 ತಿಂಗಳಿಗೆ ಇಳಿಸಲಾಯಿತು. ತೀರ್ಪನ್ನು ಹೊಗಳುವವರು ಈ ಕೊನೆಯ ಪುಟಗಳವರೆಗೆ ಹೋಗುವುದೇ ಇಲ್ಲ.

2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ನಿರೀಕ್ಷಣಾ ಜಾಮೀನಿನ ಆದೇಶದಲ್ಲಿ, ಕೃತ್ಯದ ನಂತರ ದಣಿದು ನಿದ್ದೆ ಹೋದೆ ಎಂದ ಮಹಿಳೆಯ ಹೇಳಿಕೆ ಭಾರತೀಯ ಹೆಣ್ಣಿಗೆ ಒಪ್ಪುವಂಥದ್ದಲ್ಲ ಎಂದಿತು. ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಆ ಸಾಲನ್ನು ತೆಗೆದುಹಾಕಲಾಯಿತು. ಜಾಮೀನು ಉಳಿಯಿತು. ರಾತ್ರಿ ಹೊತ್ತಲ್ಲಿ ಕಚೇರಿಗೆ ಏಕೆ ಹೋದಳು, ಜೊತೆಯಲ್ಲಿ ಕುಡಿಯಲು ಏಕೆ ಆಕ್ಷೇಪಿಸಲಿಲ್ಲ ಎಂಬ ಪ್ರಶ್ನೆಗಳೂ ಉಳಿದವು. ಇದನ್ನು ಬಾಯಿತಪ್ಪಿ ಬಂದ ಮಾತು ಎಂದು ಅನೇಕ ವಿಮರ್ಶಕರು ಕೈತೊಳೆದುಕೊಂಡರು. ನಾನು ಒಪ್ಪಲಾರೆ. ಭಾರತೀಯ ಹೆಣ್ಣು ಹೀಗೆಯೇ ಇರುತ್ತಾಳೆ, ಆದ್ದರಿಂದ ನಂಬಿ ಎಂದು 1983ರಲ್ಲಿ ಹೇಳಿದ ಮೇಲೆ, ಹೀಗೆ ಇಲ್ಲದವಳನ್ನು ಏಕೆ ನಂಬಬೇಕು ಎಂಬ ಪ್ರಶ್ನೆ ಎಂದಾದರೂ ಬರಲೇಬೇಕಿತ್ತು. 1996ರ ಗುರ್ಮಿತ್ ಸಿಂಗ್ ತೀರ್ಪು ಸಂತ್ರಸ್ತೆಯನ್ನು ಗಾಯಗೊಂಡ ಸಾಕ್ಷಿಯ ಸಮಕ್ಕೆ ನಿಲ್ಲಿಸಿ ಒಳ್ಳೆಯ ಆಧಾರವನ್ನೇ ಹಾಕಿತು. ಆದರೆ ಸ್ವಾಭಿಮಾನವುಳ್ಳ ಹೆಣ್ಣು ಸುಮ್ಮನೆ ಇಂಥ ಮಾತಾಡುವುದಿಲ್ಲ ಎಂಬ ಹಳೆಯ ಊರುಗೋಲನ್ನು ಅದೂ ಬಿಡಲಿಲ್ಲ.

ಈಗ ಹಾವೇರಿ ಜಿಲ್ಲೆಯ ಹಾನಗಲ್. 2024ರ ಜನವರಿ 8ರಂದು ಅಲ್ಲಿನ ಲಾಡ್ಜ್ ಒಂದಕ್ಕೆ ನುಗ್ಗಿದ ಗುಂಪು ಒಳಗಿದ್ದ ಜೋಡಿಯನ್ನು ಥಳಿಸಿತು, ವಿಡಿಯೊ ಮಾಡಿ ಹರಿಯಬಿಟ್ಟಿತು. ಮೊದಲು ದಾಖಲಾದದ್ದು ಹಲ್ಲೆಯ ಪ್ರಕರಣ. ತನ್ನನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರು ಎಂದು ಆಕೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದು ಆಮೇಲೆ. 2025ರ ಮೇ ತಿಂಗಳಲ್ಲಿ ಪ್ರಮುಖ ಆರೋಪಿಗಳಿಗೆ ಜಾಮೀನು ಸಿಕ್ಕಿತು. ಕೋರ್ಟಿನಲ್ಲಿ ಆಕೆ ಅವರನ್ನು ಗುರುತಿಸಲಿಲ್ಲ ಎಂದು ವರದಿಯಾಯಿತು. ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ವಿಜಯಯಾತ್ರೆ ನಡೆಯಿತು. ಅಪರಾಧ ಯಾರದೆಂದು ಇಲ್ಲಿ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಇಲ್ಲಿ ಭಾರವೆಲ್ಲ ಯಾರ ಹೆಗಲಿಗೆ ಬಿತ್ತು ಎಂಬುದನ್ನು ಕಾಣಬೇಕು. ಚಾರ್ಜ್‌ಶೀಟ್ ಸಲ್ಲಿಸಿದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು ಎನ್ನುತ್ತದೆ ಕಾನೂನು; ಘಟನೆ ನಡೆದು ಆಗಲೇ ವರ್ಷ ಕಳೆದಿತ್ತು. ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ ತಾನೇ ಸ್ವತಂತ್ರ ಪುರಾವೆಯಾಗದು, ಗುರುತಿನ ಪರೇಡ್ ಕೂಡ ಬೆಂಬಲಕ್ಕಷ್ಟೇ. ಕೊನೆಗೆ ಎಲ್ಲವೂ ಒಬ್ಬ ಹೆಣ್ಣು ಒಂದು ದಿನ ಕಟಕಟೆಯಲ್ಲಿ ನಿಂತು ಏನು ಹೇಳುತ್ತಾಳೆ ಎಂಬುದಕ್ಕೆ ಬಂದು ನಿಲ್ಲುತ್ತದೆ. ಮೇಲಾಗಿ ಈಕೆ ಲಾಡ್ಜಿನಲ್ಲಿ ಸಿಕ್ಕವಳು. ಭರವಾಡ ತೀರ್ಪಿನ ವಿನಾಯಿತಿ ಇಂಥವಳಿಗೆಂದೇ ಬರೆದಂತಿದೆ.

ಹಾಗಿದ್ದರೆ ಮಾತನ್ನು ಬದಿಗಿಟ್ಟು ವೈದ್ಯಕೀಯ ವರದಿ, ಡಿಎನ್ಎ ಇದ್ದರಷ್ಟೇ ಶಿಕ್ಷೆ ಕೊಡಿ, ನಿರಪರಾಧಿಯೂ ಬಚಾವಾಗುತ್ತಾನೆ ಎನ್ನುವವರಿದ್ದಾರೆ. ಕಾನೂನು ಯಾವ ಅಪರಾಧಕ್ಕೂ ಇಷ್ಟೇ ಸಾಕ್ಷಿ ಬೇಕೆಂದು ಲೆಕ್ಕ ಇಟ್ಟಿಲ್ಲ. ಕೊಲೆಯ ಮೊಕದ್ದಮೆಯಲ್ಲಿ ಒಬ್ಬ ನಂಬಲರ್ಹ ಸಾಕ್ಷಿ ಸಾಕಾದರೆ ಇಲ್ಲೇಕೆ ಸಾಲದು? ಮೈಯ ಪುರಾವೆ ವಾದವನ್ನು ಮುಗಿಸಿಬಿಡುತ್ತದೆ ಎಂಬ ಭರವಸೆಯೂ ಪೊಳ್ಳು. ಪಕ್ಕದ ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಶಾಸನವನ್ನೇ ನೋಡಿ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಕಟ್ಟಿದ ಪಣವನ್ನು ಓಲೆಯಲ್ಲಿ ಬರೆಸಿ, ತಲೆ ಕತ್ತರಿಸಿಕೊಟ್ಟು ಮರಳಿ ಪಡೆದರೂ ಎದುರಾಳಿಗಳು ಒಪ್ಪಲಿಲ್ಲ. ವ್ಯಾಜ್ಯ ಅರಸ ಬಿಜ್ಜಳನವರೆಗೆ ಹೋಗಿ, ಅವನು ಜಯಪತ್ರ ಕೊಟ್ಟ ಮೇಲೆಯೇ ಇತ್ಯರ್ಥವಾಯಿತು ಎನ್ನುತ್ತದೆ ಅದು. ಅತ್ಯಾಚಾರದ ಮೊಕದ್ದಮೆಯಲ್ಲೂ ಹಾಗೆಯೇ: ನಂಬಲು ಮನಸ್ಸಿಲ್ಲದವನಿಗೆ ಗಾಯವಿದ್ದರೆ ಅದು ಒಪ್ಪಿಗೆಯಿಂದ ಆದದ್ದು, ಇಲ್ಲದಿದ್ದರೆ ಆಕೆ ಪ್ರತಿಭಟಿಸಲೇ ಇಲ್ಲ. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿಯೂ 2022ರಲ್ಲಿ ಮತ್ತೆ ಅದನ್ನೇ ಹೇಳಬೇಕಾಯಿತಲ್ಲ!

ಪೂರಕ ಸಾಕ್ಷ್ಯ ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ತರಬೇಕಾದದ್ದು ತನಿಖಾಧಿಕಾರಿ, ಆಕೆಯಲ್ಲ ಎನ್ನುತ್ತಿದ್ದೇನೆ. ಮಾತೊಂದೇ ಸಾಕು ಎಂಬ ಸೂತ್ರ ಪೊಲೀಸರ ಕೈಯಲ್ಲಿ ಬೇರೇನೂ ಮಾಡಬೇಕಿಲ್ಲ ಎಂಬ ಸೋಮಾರಿತನಕ್ಕೆ ನೆಪವಾಗಬಾರದು. ಈ ದೃಷ್ಟಿಯಿಂದ ನಾವು ಭರವಾಡಕ್ಕಿಂತ ಹೆಚ್ಚಾಗಿ ಓದಬೇಕಾದ ತೀರ್ಪು 2014ರ ಕಿಶನ್‌ಭಾಯಿ. ಆರು ವರ್ಷದ ಮಗುವಿನ ಮೇಲಿನ ಅತ್ಯಾಚಾರ ಮತ್ತು ಕೊಲೆಯ ಆ ಪ್ರಕರಣದಲ್ಲಿ ಆರೋಪಿ ಬಿಡುಗಡೆಯಾದ. ಆಗ ಸುಪ್ರೀಂ ಕೋರ್ಟ್ ತನಿಖೆಯ ಲೋಪಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಇನ್ನು ಮುಂದೆ ಖುಲಾಸೆಯಾದ ಪ್ರತಿ ಮೊಕದ್ದಮೆಯನ್ನೂ ಪರಿಶೀಲಿಸಿ ತಪ್ಪಿತಸ್ಥ ಅಧಿಕಾರಿಗಳ ಮೇಲೆ ಇಲಾಖಾ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಆದೇಶಿಸಿತು. ಅಲ್ಲಿ ಭಾರತೀಯ ಹೆಣ್ಣಿನ ಗುಣಗಾನ ಇಲ್ಲ. ಯಾವ ವಸ್ತು ವಶಪಡಿಸಿಕೊಳ್ಳಲಿಲ್ಲ, ಯಾರನ್ನು ಸಾಕ್ಷಿಯಾಗಿ ಕರೆಯಲಿಲ್ಲ ಎಂಬ ಲೆಕ್ಕವಿದೆ. ಹಾವೇರಿಯಂಥ ಜಿಲ್ಲೆಯ ಸೆಷನ್ಸ್ ಕೋರ್ಟಿನಲ್ಲಿ ಸಂತ್ರಸ್ತೆ ಆರೋಪಿಯನ್ನು ಗುರುತಿಸದೆ ಹೋದ ದಿನ, ಗುರುತಿನ ಪರೇಡ್ ಯಾವಾಗ ನಡೆಯಿತು, ವಿಡಿಯೊ ಇದ್ದ ಫೋನುಗಳು ಪ್ರಯೋಗಾಲಯಕ್ಕೆ ಯಾವಾಗ ಹೋದವು, ಆಕೆಗೆ ಯಾರ ರಕ್ಷಣೆ ಇತ್ತು ಎಂದು ನ್ಯಾಯಾಧೀಶರು ತನಿಖಾಧಿಕಾರಿಯನ್ನು ಕೇಳಿ, ಉತ್ತರವನ್ನು ಆದೇಶದಲ್ಲೇ ಬರೆಸಬೇಕು.