ಒಂದು ಪಠ್ಯಗ್ರಂಥದ ಅಧ್ಯಾಯಕ್ರಮ: ವಿದ್ಯುದ್ಯಂತ್ರ ಮತ್ತು ಪವರ್ ಎಲೆಕ್ಟ್ರಾನಿಕ್ಸ್ ವ್ಯಾಸಂಗವನ್ನು ಕುರಿತು

ಇತಿಹಾಸ ವಿಭಾಗದವರಾದ ನಾವು ಎಂಜಿನಿಯರಿಂಗ್ ಪಠ್ಯವೊಂದನ್ನು ವಿಮರ್ಶೆಗೆ ಎತ್ತಿಕೊಂಡುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಶಾಸನ, ಕಡತಗಳಂತೆ ಪಠ್ಯಗ್ರಂಥವೂ ಒಂದು ಆಧಾರವೇ. ಒಂದು ಕಾಲದ ವಿದ್ವಾಂಸರು ಯಾವುದನ್ನು ಮೊದಲು ಹೇಳಿದರು, ಯಾವುದನ್ನು ಅನುಬಂಧಕ್ಕೆ ತಳ್ಳಿದರು ಎಂಬುದು ಅದರಿಂದ ತಿಳಿಯುತ್ತದೆ. ಗಣಿತದ ಸಾಧುತ್ವವನ್ನು ತಜ್ಞರಿಗೆ ಬಿಟ್ಟು, ಅಧ್ಯಾಯಗಳ ಕ್ರಮವನ್ನು ಮಾತ್ರ ನಾವು ಪರಿಶೀಲಿಸುತ್ತೇವೆ.

ಫಿಟ್ಜ್‌ಜೆರಾಲ್ಡ್ ಮತ್ತು ಕಿಂಗ್ಸ್‌ಲಿ ಅವರ ‘ಎಲೆಕ್ಟ್ರಿಕ್ ಮೆಷಿನರಿ’ 1952ರಲ್ಲಿ ಪ್ರಕಟವಾಯಿತು. ಪರ್ಯಾಯ ಮತ್ತು ಏಕಮುಖ ವಿದ್ಯುತ್ತಿನ ಯಂತ್ರಗಳನ್ನು ಒಂದೇ ಸೂತ್ರದಲ್ಲಿ ನಿರೂಪಿಸುವುದಾಗಿ ಅದರ ಉಪಶೀರ್ಷಿಕೆಯೇ ಸಾರಿತ್ತು. ಅದು ಸಣ್ಣ ಸಾಹಸವಲ್ಲ. ಒಂದೊಂದು ಯಂತ್ರವನ್ನೂ ಬೇರೆ ಬೇರೆ ಜಾತಿಯ ಪ್ರಾಣಿಯಂತೆ ವರ್ಣಿಸುವ ಪದ್ಧತಿಯನ್ನು ಬಿಟ್ಟು, ಎಲ್ಲದರೊಳಗೂ ನಡೆಯುವುದು ಕಾಂತಕ್ಷೇತ್ರದ ಮೂಲಕ ಶಕ್ತಿಯ ರೂಪಾಂತರವೊಂದೇ ಎಂದು ಅವರು ತೋರಿಸಿದರು. ಅರ್ಧ ಶತಮಾನದ ಬಳಿಕ, 2003ರಲ್ಲಿ, ಉಮಾನ್ಸ್ ಅವರ ಹೆಸರೂ ಸೇರಿ ಆರನೆಯ ಆವೃತ್ತಿ ಹೊರಬಂದಿತು. ನಮ್ಮ ಆಕ್ಷೇಪಣೆ ಈ ಆವೃತ್ತಿಗೆ ಸಂಬಂಧಿಸಿದುದು.

ಇದರಲ್ಲಿ ಮೊದಲ ಒಂಬತ್ತು ಅಧ್ಯಾಯಗಳು ಟ್ರಾನ್ಸ್‌ಫಾರ್ಮರ್, ಸಿಂಕ್ರೊನಸ್ ಯಂತ್ರ, ಇಂಡಕ್ಷನ್ ಯಂತ್ರ, ಏಕಮುಖ ಯಂತ್ರ ಮುಂತಾದವುಗಳಿಗೆ ಮೀಸಲು. ಪವರ್ ಎಲೆಕ್ಟ್ರಾನಿಕ್ಸಿನ ಪರಿಚಯ ಹತ್ತನೆಯದು. ವೇಗ ಹಾಗೂ ಭ್ರಾಮಕದ ನಿಯಂತ್ರಣ ಹನ್ನೊಂದನೆಯದು. ಆ ಕೊನೆಯ ಅಧ್ಯಾಯದಲ್ಲಿ ಬರುವ ಕ್ಷೇತ್ರಾಭಿಮುಖ ನಿಯಂತ್ರಣಕ್ಕೆ ತಳಹದಿಯಾದ ಅಕ್ಷರೂಪಾಂತರವನ್ನು ಹುಡುಕಿಕೊಂಡು ವಾಚಕನು ಮೂರನೆಯ ಅನುಬಂಧಕ್ಕೆ ಹೋಗಬೇಕು. ಮನೆ ಕಟ್ಟಿ ಮುಗಿದ ಮೇಲೆ ಚಾಚಿದ ಚಪ್ಪರದಂತಿದೆ ಈ ಏರ್ಪಾಡು.

ಚರಿತ್ರೆ ಹೇಳುವುದು ಬೇರೆ. 1891ರಲ್ಲಿಯೇ ವಾರ್ಡ್ ಲಿಯೊನಾರ್ಡ್ ಒಂದು ಮೋಟಾರಿನಿಂದ ಜನರೇಟರನ್ನು ತಿರುಗಿಸಿ, ಆ ಜನರೇಟರಿನ ಕ್ಷೇತ್ರಪ್ರವಾಹವನ್ನು ಹೆಚ್ಚುಕಡಮೆ ಮಾಡಿ, ಮತ್ತೊಂದು ಮೋಟಾರಿನ ವೇಗವನ್ನು ಸೊನ್ನೆಯಿಂದ ಪೂರ್ಣದವರೆಗೆ ಹತೋಟಿಯಲ್ಲಿಡುವ ಕ್ರಮವನ್ನು ರೂಪಿಸಿದನು. ಆಗ ಕನ್ವರ್ಟರೆಂಬುದೇ ಒಂದು ತಿರುಗುವ ಯಂತ್ರ! 1902ರಲ್ಲಿ ಕೂಪರ್ ಹ್ಯೂವಿಟ್ಟನ ಪಾದರಸದ ರೆಕ್ಟಿಫೈಯರ್ ಬಂದಿತು. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯು ಥೈರಿಸ್ಟರನ್ನು ಪ್ರಕಟಿಸಿತು. ತಿರುಗುವ ಕಬ್ಬಿಣ ಮಾಡುತ್ತಿದ್ದ ಕೆಲಸವನ್ನು ನಿಶ್ಚಲವಾದ ಸಿಲಿಕಾನ್ ವಹಿಸಿಕೊಂಡಿತು. ಕೆಲಸ ಮಾತ್ರ ಹಳೆಯದೇ. ಅತ್ತ ಸಿಂಕ್ರೊನಸ್ ಯಂತ್ರದ ವಿಶ್ಲೇಷಣೆಗೆಂದು 1929ರಲ್ಲಿ ಪಾರ್ಕ್ ರಚಿಸಿದ ರೂಪಾಂತರವು 1971ರಲ್ಲಿ ಜರ್ಮನಿಯ ಬ್ಲಾಷ್ಕೆಯ ಕ್ಷೇತ್ರಾಭಿಮುಖತೆಯ ತತ್ತ್ವಕ್ಕೆ ಒದಗಿಬಂದಿತು. ಇಂಡಕ್ಷನ್ ಮೋಟಾರಿನ ಪ್ರವಾಹವನ್ನು ಕಾಂತಕ್ಷೇತ್ರವನ್ನುಂಟುಮಾಡುವ ಅಂಶ, ಭ್ರಾಮಕವನ್ನುಂಟುಮಾಡುವ ಅಂಶ ಎಂದು ವಿಂಗಡಿಸಿ, ಅದನ್ನು ಏಕಮುಖ ಮೋಟಾರಿನಂತೆ ಆಳಬಹುದೆಂಬುದೇ ಅದರ ಸಾರ. 1973ರಲ್ಲಿ ನ್ಯೂವೆಲ್ ಪವರ್ ಎಲೆಕ್ಟ್ರಾನಿಕ್ಸಿಗೆ ಲಕ್ಷಣ ಹೇಳುವಾಗ, ವಿದ್ಯುಚ್ಛಕ್ತಿ, ಎಲೆಕ್ಟ್ರಾನಿಕ್ಸ್, ನಿಯಂತ್ರಣ ಎಂಬ ಮೂರು ಶಾಸ್ತ್ರಗಳ ನಡುವೆ ಅದಕ್ಕೆ ಸ್ಥಾನ ಕೊಟ್ಟುದು ಉಚಿತವೇ ಆಗಿತ್ತು.

ನಡುವಿನ ಶಾಸ್ತ್ರವನ್ನು ಕೊನೆಗಿಟ್ಟರೆ ಆಗುವ ಕೇಡು ನಮ್ಮ ಅನೇಕ ವಿಶ್ವವಿದ್ಯಾನಿಲಯಗಳ ಪಾಠಕ್ರಮಗಳಲ್ಲಿ ಕಾಣುತ್ತದೆ. ಯಂತ್ರಗಳ ಪತ್ರಿಕೆಯಲ್ಲಿ ವಿದ್ಯಾರ್ಥಿಯು ಶುದ್ಧ ಸೈನ್ ಅಲೆಯ, 50 ಆವರ್ತದ ವಿದ್ಯುತ್ತನ್ನು ಊಹಿಸಿಕೊಂಡು ಮೋಟಾರಿನ ಲೆಕ್ಕ ಮಾಡುತ್ತಾನೆ. ಮರುವರ್ಷ ಪವರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಅದೇ ಮೋಟಾರು ಒಂದು ರೋಧ, ಒಂದು ಸುರುಳಿ ಮಾತ್ರವಾಗಿ ಉಳಿಯುತ್ತದೆ. ಒಂದು ಕಡೆ ಅಲೆಯ ವಕ್ರತೆ ಮಾಯ, ಇನ್ನೊಂದು ಕಡೆ ಯಂತ್ರವೇ ಮಾಯ. ಕಾರ್ಖಾನೆಯಲ್ಲಿಯಾದರೋ ತೊಂದರೆಗಳೆಲ್ಲ ಇವೆರಡೂ ಕೂಡುವಲ್ಲಿಯೇ ಹುಟ್ಟುತ್ತವೆ: ಇನ್ವರ್ಟರಿನ ಹಾರ್ಮೋನಿಕ್ ಅಲೆಗಳಿಂದ ಸುರುಳಿ ಕಾಯುವುದು, ಬೇರಿಂಗಿನ ಮೂಲಕ ಪ್ರವಾಹ ಹರಿದು ಅದರ ಮೈ ಸವೆಯುವುದು, ಉದ್ದವಾದ ಕೇಬಲ್ಲಿನ ತುದಿಯಲ್ಲಿ ಕಡಿದಾದ ಸ್ಪಂದಗಳು ಪ್ರತಿಫಲಿಸಿ ವೋಲ್ಟೇಜು ಇಮ್ಮಡಿಯ ಹತ್ತಿರಕ್ಕೇರಿ ನಿರೋಧಕದ ಹೊದಿಕೆಗೆ ಪೆಟ್ಟು ಬೀಳುವುದು. ಎರಡು ಪತ್ರಿಕೆಗಳಲ್ಲಿಯೂ ಪ್ರಥಮ ದರ್ಜೆ ಪಡೆದವನಿಗೂ ಇವು ಅಪರಿಚಿತವಾಗಿ ಉಳಿಯಬಹುದು.

ಕಲಿಕೆಯ ಕ್ರಮವು ಚರಿತ್ರೆಯ ಕ್ರಮವಾಗಬೇಕಿಲ್ಲ, ಸರಳವಾದುದು ಮೊದಲು ಬರಲಿ ಎಂದು ಅಧ್ಯಾಪಕರು ಉತ್ತರ ಹೇಳಬಹುದು. ಈ ಮಾತಿನಲ್ಲಿ ತಥ್ಯವುಂಟು. ಆದರೆ ಯಾವುದು ಸರಳವೆಂಬುದನ್ನೂ ಕಾಲವೇ ಗೊತ್ತುಮಾಡಿರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ವಿದ್ಯುತ್ತನ್ನು ಒಯ್ದಾಗಲೂ, 1911ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಆಲ್ಫ್ರೆಡ್ ಹೇ ಅವರ ಕೈಕೆಳಗೆ ವಿದ್ಯುತ್ ತಂತ್ರಶಾಸ್ತ್ರದ ವಿಭಾಗ ಮೊದಲಾದಾಗಲೂ, ಮುಂದಿದ್ದ ಪ್ರಶ್ನೆ ಉತ್ಪಾದನೆ ಮತ್ತು ಸಾಗಣೆಯದು. ಬದಲಾಗದ ಆವರ್ತದ ಯಂತ್ರವೇ ಆ ಪ್ರಶ್ನೆಗೆ ತಕ್ಕ ಆರಂಭ. ಅದೇ ಬೆಂಗಳೂರಿನಲ್ಲಿ 2011ರಿಂದ ಓಡುತ್ತಿರುವ ಮೆಟ್ರೋ ರೈಲು ಮೂರನೆಯ ಹಳಿಯಿಂದ 750 ವೋಲ್ಟಿನ ಏಕಮುಖ ವಿದ್ಯುತ್ತನ್ನು ಪಡೆದು, ಮೂರು ಫೇಸಿನ ಮೋಟಾರುಗಳಿಂದ ಚಲಿಸುತ್ತದೆ. ಇವೆರಡರ ನಡುವಣ ಇನ್ವರ್ಟರನ್ನು ಬಿಟ್ಟು ಆ ಮೋಟಾರನ್ನು ವಿವರಿಸುವುದು ಸಾಧ್ಯವೇ ಇಲ್ಲ. (ಇಂತಹ ಇನ್ವರ್ಟರುಗಳಿಗೆ ಜೀವಾಳವಾದ ಐ.ಜಿ.ಬಿ.ಟಿ. ಎಂಬ ಸಾಧನದ ಹುಟ್ಟಿನಲ್ಲಿ ಹಲವರ ಪಾಲಿದ್ದರೂ, 1980ರ ದಶಕದಲ್ಲಿ ಅದನ್ನು ಬೆಳಸಿದವರಲ್ಲಿ ಪ್ರಮುಖರಾದ ಜಯಂತ ಬಾಳಿಗರು ಶಾಲೆ ಕಲಿತದ್ದು ಬೆಂಗಳೂರಿನಲ್ಲಿ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.)

1952ರ ಗ್ರಂಥಕರ್ತರು ಎರಡು ಬಗೆಯ ಯಂತ್ರಗಳ ನಡುವಣ ಗೋಡೆಯನ್ನು ಕೆಡವಿದರು. ಅವರ ಹೆಸರಿನಲ್ಲಿಯೇ ಬಂದ 2003ರ ಆವೃತ್ತಿ ಯಂತ್ರಕ್ಕೂ ಕನ್ವರ್ಟರಿಗೂ ನಡುವೆ ಹೊಸ ಗೋಡೆಯೊಂದನ್ನು ನಿಲ್ಲಗೊಟ್ಟಿತೆಂಬುದೇ ನಮ್ಮ ದೂರು. ಅಕ್ಷರೂಪಾಂತರವನ್ನು ಸಿಂಕ್ರೊನಸ್ ಯಂತ್ರದ ಅಧ್ಯಾಯಕ್ಕೆ ತರಬಹುದಾಗಿತ್ತು. ಇನ್ವರ್ಟರಿನ ಪರಿಚಯವನ್ನು ಇಂಡಕ್ಷನ್ ಯಂತ್ರಕ್ಕೆ ಮುಂಚೆ ಕೊಡಬಹುದಾಗಿತ್ತು. ಪಾಠಕ್ರಮ ಬದಲಾಗುವವರೆಗೆ ಅಧ್ಯಾಪಕರು ಕಾಯಬೇಕಾಗಿಯೂ ಇಲ್ಲ. ಪ್ರಯೋಗಶಾಲೆಯ ಒಂದೇ ಮೋಟಾರನ್ನು ಒಮ್ಮೆ ನೇರವಾಗಿ ಲೈನಿಗೂ ಮತ್ತೊಮ್ಮೆ ಇನ್ವರ್ಟರಿಗೂ ಜೋಡಿಸಿ, ಅದೇ ಹೊರೆಯಲ್ಲಿ ಪ್ರವಾಹದ ಅಲೆಯನ್ನೂ ಮೈಯ ಕಾವನ್ನೂ ಪಕ್ಕಪಕ್ಕದಲ್ಲಿ ಬರೆದಿಡಲು ಹೇಳಿದರೆ ಒಂದು ಮಧ್ಯಾಹ್ನ ಸಾಕು.